ಗೂಳಪ್ಪನವರ ಪಿಕಪ್

ಧನಕವಡಿಯ ನಮ್ಮ ಗಲ್ಲಿಯಲ್ಲಿ ಗೂಳಪ್ಪನವರ ಪಿಕಪ್ ಏಳು ವರ್ಷದಿಂದ "ನಾಳೆ" ಹೊರಡುತ್ತಿದೆ. ಪ್ರತಿ ದಸರೆಗೆ ನಾಲ್ಕೂ ಗಾಲಿಯ ಕೆಳಗೆ ನಿಂಬೆಹಣ್ಣು ಇಡುತ್ತಾರೆ. ಗಾಡಿ ಅಲುಗದ್ದರಿಂದ ಹಣ್ಣು ಒಡೆಯುವುದಿಲ್ಲ, ಭಕ್ತಿಯಿಂದ ಒಣಗುತ್ತದೆ. ಈ ವರ್ಷ ಮಾತ್ರ ಬ್ಯಾಟರಿ, ಟೈರು, ಬ್ರೇಕು ಎಲ್ಲ ಹೊಸವು. ಬಾನೆಟ್ಟಿನೊಳಗಿನ ಇಲಿ ಸಂಸಾರವನ್ನೂ ಮರ್ಯಾದೆಯಿಂದ ಬೀಳ್ಕೊಟ್ಟದ್ದಾಯಿತು. ಮೆಕ್ಯಾನಿಕ್ಕಿಗೆ ದಿನಾ ಒಂದೇ ತಾಕೀತು: "ಏನರೆ ಬದಲ್ ಮಾಡ್ರಿ, ಸೀಟಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ." ಕೊನೆಗೂ ಗಾಡಿ ಚಾಲೂ ಆಯಿತು. ಆರಡಿಯ ಗೂಳಪ್ಪನವರು ಮೊಣಕಾಲನ್ನು ಗದ್ದಕ್ಕೆ ತಾಗಿಸಿಕೊಂಡು, ಮಡಚಿಟ್ಟ ಒಂಟೆಯಂತೆ ಸ್ಟೇರಿಂಗ್ ಹಿಡಿದು ಕೂತರು. "ಸೀಟ್ ಹಿಂದಕ್ಕ ಸರಸ್ರೆಲಾ" ಅಂದೆ. "ನಮ್ಮಾಕಿ ಇಟ್ಟ ಅಳತಿ ಅದರಿ" ಅಂದರು. ಏಳು ವರ್ಷದ ಹಿಂದೆ ತೀರಿಕೊಂಡ ಅವರ ಹೆಂಡತಿ ಕಲ್ಲವ್ವ ಇದೇ ಗಾಡಿ ಓಡಿಸಿಕೊಂಡು ಮಂಡಿಗೆ ಸೊಪ್ಪು ಒಯ್ಯುತ್ತಿದ್ದರು, ಐದಡಿಯೂ ಇರಲಿಲ್ಲ.