ಸ್ವಲ್ಪ ಜಾಗ ಬಿಡ್ರವ್ವಾ
ಚಳ್ಳಕೆರೆಯ ಆ ಡೇಟಾ ಎಂಟ್ರಿ ಆಫೀಸಿನ ಸೂಪರ್‌ವೈಸರ್ ಹೊನ್ನೂರಸ್ವಾಮಿಯ ಬಾಯಲ್ಲಿ ಸದಾ ಒಂದೇ ಮಾತು: "ಸ್ವಲ್ಪ ಜಾಗ ಬಿಡ್ರವ್ವಾ." ಎಐ ಮೆಷಿನ್ನುಗಳು ಬರುತ್ತಿವೆ, ಆಫೀಸು ಸಿದ್ಧಮಾಡು ಎಂದು ಕಂಪನಿ ಹೇಳಿದ ದಿನದಿಂದ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೊದಲು ಕ್ಯಾಂಟೀನು ತೆಗೆಸಿದ, ಆಮೇಲೆ ಕಿಟಕಿಗಳಿಗೆ ಇಟ್ಟಿಗೆ ಕಟ್ಟಿಸಿದ, ಕೊನೆಗೆ ಟೈಪು ಮಾಡುವ ಹುಡುಗಿಯರ ಕುರ್ಚಿಗಳನ್ನೇ ಹೊರಗೆ ಹಾಕಿಸಿದ. ಎದುರಿಗೆ ದೇವರೇ ಬಂದರೂ ಗೋಡೆಗೆ ಸರಿದು ನಿಲ್ಲು ಅನ್ನುವ ಆಸಾಮಿ. ಹಿಂದೆ ಆ ಹುಡುಗಿಯರಲ್ಲೊಬ್ಬಳು, ಫ್ಯಾನು ಕೇಳಿದ ಜ್ಯೋತಿಲಕ್ಷ್ಮಿಗೆ, "ಚಳ್ಳಕೆರೆ ಬಿಸ್ಲು ನಿನಗೇನು ಹೊಸದೇನವ್ವಾ?" ಎಂದಿದ್ದವನು ಈಗ ಮೆಷಿನ್ನುಗಳಿಗೆ ಹಗಲೂ ರಾತ್ರಿ ಎಸಿ ಹಾಕಿಸಿದ್ದಾನೆ. ಕೇಳಿದರೆ, "ಅವು ನಮ್ಮಂಗಲ್ಲ, ಸೆಕೆ ತಡ್ಕಳಲ್ಲ ಕಣ್ರಿ" ಅನ್ನುತ್ತಾನೆ. ಆ ಥಂಡಿಯಲ್ಲಿ ಕಾವಲು ಕೂರಲು ಉಳಿದವನು ಅವನೊಬ್ಬನೇ. ಸುಡುವ ಏಪ್ರಿಲ್‌ನಲ್ಲೂ ಅವ್ವನ ಕರಿ ಕಂಬಳಿ ಹೊದ್ದಿರುತ್ತಾನೆ. ಹಲ್ಲು ಕಟಕಟಿಸತೊಡಗಿದಾಗ ಮೈ ಕಾಯಿಸಿಕೊಳ್ಳಲು ಪಕ್ಕದ ಎಣ್ಣೆ ಮಿಲ್ಲಿನ ಅಂಗಳಕ್ಕೆ ಬರುತ್ತಾನೆ. ಕೆಲಸ ಕಳೆದುಕೊಂಡ ಅದೇ ಹುಡುಗಿಯರು ಅಲ್ಲೀಗ ಕೂಲಿಗೆ ಶೇಂಗಾ ಹಸನು ಮಾಡುತ್ತಿರುತ್ತಾರೆ. ಒಬ್ಬಳಾದರೂ ಬೈದಾಳು ಎಂದು ಕಾಯುತ್ತಾನೆ. ಯಾರೂ ಬೈಯುವುದಿಲ್ಲ, ಅವನು ಬಾಯಿ ತೆರೆಯುವ ಮೊದಲೇ ಮೊರ ಎತ್ತಿಕೊಂಡು, ಸರಿದು ಜಾಗ ಬಿಡುತ್ತಾರೆ.