ಹದಿನಾಲ್ಕನೇ ನಂಬರಿನ ಓ

ಹಾಜರಿ ಕರೆಯುವಾಗ ನಾನು ತಲೆ ಎತ್ತುತ್ತಿರಲಿಲ್ಲ. ಅದು ಕೆಟ್ಟ ಚಾಳಿ ಎಂದು ಗೊತ್ತಿತ್ತು. ಆದರೆ ತಲೆ ಎತ್ತಿದರೆ ಒಬ್ಬ ಪೆನ್ಸಿಲ್ ಕಚ್ಚುತ್ತಿರುತ್ತಾನೆ, ಇನ್ನೊಬ್ಬಳು ಹಿಂದೆ ತಿರುಗಿ ಹರಟುತ್ತಿರುತ್ತಾಳೆ. ಮೂಗಿನ ತುದಿಯಲ್ಲೇ ಇರುವ ನನ್ನ ಕೋಪಕ್ಕೆ ಅಷ್ಟು ಸಾಕು, ಹತ್ತು ನಿಮಿಷ ಹಾಳಾಗುತ್ತದೆ. ಹಾಗಾಗಿ ಕಣ್ಣು ರಿಜಿಸ್ಟರಿನ ಮೇಲೆ, ಕಿವಿ ಮಕ್ಕಳ ಮೇಲೆ.

ನಮ್ಮದು ಪುಟ್ಟ ಶಾಲೆ. ದೆಹಲಿಯ ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸ್‌ಗಳಿಂದ ಸ್ವಲ್ಪ ದೂರದಲ್ಲಿ, ಬಾಡಿಗೆಯ ಹಳೇ ಮನೆಯೊಂದರಲ್ಲಿ, ಕರ್ನಾಟಕದಿಂದ ಬಂದ ಕೆಲವು ಕುಟುಂಬಗಳು ಸೇರಿ ನಡೆಸುತ್ತಿದ್ದ ಶಾಲೆ. ಮೆಟ್ರೊ ಇನ್ನೂ ನಮ್ಮ ಕಡೆಗೆ ಬಂದಿರಲಿಲ್ಲ. ಊಟದ ಮನೆಯಲ್ಲಿ ಒಂದನೇ ತರಗತಿ, ಮುಚ್ಚಿದ ವರಾಂಡದಲ್ಲಿ ನಾಲ್ಕು ಮತ್ತು ಐದನೇ ತರಗತಿಗಳು ಒಟ್ಟಿಗೆ. ನಾನು ಕನ್ನಡ ಕಲಿಸಲು ಸೇರಿದ್ದು ದೀಪಾವಳಿಯ ಮಾರನೇ ವಾರ, ಹೆರಿಗೆ ರಜೆಗೆ ಹೋದ ಟೀಚರ್ ಜಾಗಕ್ಕೆ. ವರಾಂಡದ ತರಗತಿಗೆ ನಾನೇ ಕ್ಲಾಸ್ ಟೀಚರ್. ರಿಜಿಸ್ಟರಿನಲ್ಲಿ ಮೂವತ್ತೊಂದು ಹೆಸರು.

ಮೂವತ್ತು ದನಿಗಳು "ಪ್ರೆಸೆಂಟ್ ಮಿಸ್" ಎನ್ನುತ್ತಿದ್ದವು. ಹದಿನಾಲ್ಕನೇ ನಂಬರ್ ಮಾತ್ರ "ಓ" ಎನ್ನುತ್ತಿತ್ತು. ನಮ್ಮ ಕಡೆ ಮನೆಯೊಳಗಿಂದ ಅಮ್ಮ ಕರೆದರೆ ಓಗೊಡುತ್ತೇವಲ್ಲ, ಹಾಗೆ. ಎಳೆದು, ಮೆಲ್ಲಗೆ, ಎಲ್ಲೋ ದೂರದಿಂದ ಎಂಬಂತೆ. ದೆಹಲಿಯಲ್ಲಿ ಹುಟ್ಟಿದ ಮಕ್ಕಳು ಹೀಗೆ ಓಗೊಡುವುದನ್ನು ನಾನು ಕೇಳಿಯೇ ಇರಲಿಲ್ಲ. ನನಗೆ ಹಿಗ್ಗೋ ಹಿಗ್ಗು. ಒಂದಾದರೂ ಮಗುವಿನ ನಾಲಗೆಯಲ್ಲಿ ಕನ್ನಡ ಉಳಿದಿದೆಯಲ್ಲ ಎಂದುಕೊಂಡೆ. ಆದರೆ ಆ ಮಗುವಿನ ನೋಟ್‌ಬುಕ್ ಒಂದು ದಿನವೂ ಮೇಜಿಗೆ ಬರಲಿಲ್ಲ. "ಬರೀ ಓ ಅಂದ್ರೆ ಸಾಲದು, ಬರೀಬೇಕು" ಎಂದು ಇಡೀ ತರಗತಿಗೆ ಬೈದದ್ದೂ ಇದೆ. ಆಗ ಮಕ್ಕಳೆಲ್ಲ ಗಪ್‌ಚಿಪ್.

ಜನವರಿಯ ಕೊನೆಗೆ ಬಹುಮಾನದ ದಿನ. ನಮ್ಮ ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಒಂದೊಂದು ಬಹುಮಾನ, ಯಾರೂ ಬರಿಗೈಯಲ್ಲಿ ಮನೆಗೆ ಹೋಗಬಾರದು ಎಂಬುದು ದೊಡ್ಡ ಟೀಚರ್ ಮಾಡಿದ ಪದ್ಧತಿ. ಹದಿಮೂರರ ಮಗ್ಗಿಯನ್ನು ತಪ್ಪಿಲ್ಲದೆ ಹೇಳಿದವನಿಗೆ ಒಂದು, ಬೇಸಗೆಯಲ್ಲಿ ಗುಬ್ಬಿಗಳಿಗೆ ನೀರಿಟ್ಟವಳಿಗೆ ಒಂದು, ಜಗಳ ಬಿಡಿಸುವವನಿಗೆ ಒಂದು. ಯಾರಿಗೆ ಏನು ಎಂದು ಬರೆಯುವುದು ಕ್ಲಾಸ್ ಟೀಚರ್ ಕೆಲಸ. ರಿಜಿಸ್ಟರ್ ತಿರುವಿ ಹಾಕುವಾಗ ಕಣ್ಣಿಗೆ ಬಿತ್ತು: ಆ ವರ್ಷ ಶಾಲೆ ಶುರುವಾದ ದಿನದಿಂದ ಒಂದು ದಿನವೂ ತಪ್ಪಿಸದೆ ಬಂದ ಮಗು ಒಂದೇ ಒಂದು. ಹದಿನಾಲ್ಕು. ಖುಷಿಯಿಂದ 'ಪೂರ್ಣ ಹಾಜರಿ' ಎಂದು ಪ್ರಮಾಣಪತ್ರ ಬರೆದೆ.

ಬಹುಮಾನದ ಹಿಂದಿನ ದಿನ ಬೆಳಿಗ್ಗೆ ವರಾಂಡದ ಗಾಜಿನಾಚೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಗೇಟೂ ಕಾಣುತ್ತಿರಲಿಲ್ಲ. ಹೆಸರಿನ ಕಾಗುಣಿತ ಸರಿಯಿದೆಯೇ ಎಂದು ಕೇಳೋಣವೆಂದು ನಾನು ಮೊದಲ ಸಲ ತಲೆ ಎತ್ತಿ ಆ ಹೆಸರನ್ನು ಕರೆದೆ.

"ಓ" ಎಂಬ ದನಿ ಬಂತು. ಯಾರೂ ಎದ್ದು ನಿಲ್ಲಲಿಲ್ಲ.

ಇನ್ನೊಮ್ಮೆ ಕರೆದೆ. ಇನ್ನೊಮ್ಮೆ ಓ. ಮಕ್ಕಳ ತಲೆಗಳನ್ನು ಎಣಿಸಿದೆ. ಮೂವತ್ತು. ಅಂದು ಯಾರೂ ರಜೆ ಹಾಕಿರಲಿಲ್ಲ. ಮತ್ತೆ ಎಣಿಸಿದೆ. ಆಗಲೂ ಮೂವತ್ತೇ. ಮೂರು ತಿಂಗಳು ನಾನು ಯಾರನ್ನು ಕರೆಯುತ್ತಿದ್ದೆ?

ಮುಂದಿನ ಬೆಂಚಿನ ಬಾಯಿಬಡುಕಿ ಹುಡುಗಿಯೊಬ್ಬಳು ಕೊನೆಗೂ ಬಾಯಿ ಬಿಟ್ಟಳು. "ಮಿಸ್, ವೋ ಬಚ್ಚಾ ನಹೀಂ ಹೈ. ಅದು ಮಗು ಅಲ್ಲ, ಊರು."

ಕಿಟಕಿಯ ಪಕ್ಕದ ಬೆಂಚಿನಿಂದ ಇಪ್ಪತ್ತೆರಡನೇ ನಂಬರಿನ ಹುಡುಗಿ ಎದ್ದಳು. ಆ ವರ್ಷವೇ ಊರಿನ ಕಡೆಯಿಂದ ಬಂದವಳು, ತಂದೆ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರು. ಅವಳು ಹೇಳಿದ ಮೇಲೆ ಗಂಟು ಬಿಚ್ಚಿತು. ನಾವು ಹೆಸರು ಬರೆಯುವುದೇ ಹಾಗಲ್ಲವೇ, ಮೊದಲು ಊರು, ಆಮೇಲೆ ಅಪ್ಪ, ಕೊನೆಗೆ ನಾವು. ತಂದೆ ಶಾಲೆಯ ಫಾರಂನಲ್ಲಿ ಇನಿಶಿಯಲ್‌ಗಳನ್ನು ಪೂರ್ತಿ ಬಿಡಿಸಿ ಬರೆದು, ಅದೇ ಕ್ರಮದಲ್ಲಿ ತುಂಬಿದ್ದರು. ದೆಹಲಿಯ ಆಫೀಸ್ ಬಾಬು ಮೊದಲ ಪದವೇ ಹೆಸರು ಎಂದುಕೊಂಡು, ಮಗುವಿನ ಹೆಸರಿನಂತೆಯೇ ಇದ್ದ ಊರಿನ ಹೆಸರನ್ನು ದಾಖಲು ಮಾಡಿದ. ಹಳೇ ಶಾಲೆಯ ಟಿ.ಸಿ. ಬಂದಾಗ ಹುಡುಗಿಯನ್ನೂ ದಾಖಲು ಮಾಡಿದ. ಒಂದು ಮಗು ಎರಡಾಯಿತು.

"ಮತ್ತೆ ನೀನ್ಯಾಕೆ ಓ ಅಂತಿದ್ದೆ? ಹೇಳ್ಬಾರ್ದಿತ್ತಾ?"

"ನಮ್ಮೂರು ಈಗ ಇಲ್ಲ ಮಿಸ್. ಡ್ಯಾಮ್ ನೀರೊಳಗಿದೆ. ಅಪ್ಪ ಚಿಕ್ಕೋರಿದ್ದಾಗ್ಲೇ ಮುಳುಗಿದ್ದು. ನಾನೂ ನೋಡಿಲ್ಲ." ಆಮೇಲೆ ಹೇಳಿದಳು, "ಊರಿನ ಹೆಸರು ಯಾರಾದ್ರೂ ಕರೆದ್ರೆ ನಮ್ಮೋರೊಬ್ರು ಓ ಅನ್ಲೇಬೇಕು ಅಂತ ಅಜ್ಜಿ ಹೇಳೋರು. ಅನ್ನದಿದ್ರೆ ಅಲ್ಲಿರೋರು ಏನಂದ್ಕೋತಾರೆ?"

ಅಲ್ಲಿ ಯಾರಿದ್ದಾರೆ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಬೇರೊಂದು ಪ್ರಶ್ನೆ ಕೇಳಿದೆ. ಡಿಸೆಂಬರಿನಲ್ಲಿ ಟೈಫಾಯ್ಡ್ ಆಗಿ ಇವಳು ಹದಿನೈದು ದಿನ ಬಂದಿರಲಿಲ್ಲ. ಆಗಲೂ ಹದಿನಾಲ್ಕರ ಮುಂದೆ ಹಾಜರಿ ಬಿದ್ದಿತ್ತು. ಅದು ಯಾರ ದನಿ?

ಒಂದೊಂದಾಗಿ ಕೈಗಳು ಮೇಲೆದ್ದವು. ಸರದಿಯ ಮೇಲೆ ಹೇಳಿದ್ದರಂತೆ. ಕನ್ನಡ ನೆಟ್ಟಗೆ ಬಾರದವರೂ, ಪಕ್ಕದ ಬೀದಿಯಿಂದ ಬರುತ್ತಿದ್ದ ಇಬ್ಬರು ಪಂಜಾಬಿ ಮಕ್ಕಳೂ ಅವಳಿಂದ ಆ ಓ ಕಲಿತು, ಅವಳ ಹಾಗೆಯೇ ಎಳೆದು ಹೇಳಿದ್ದರು.

ಆಗ ನನಗೆ ಬಂದದ್ದು ಬರೀ ಸಿಟ್ಟು, ಸಿಟ್ಟಿನ ಕೆಳಗೆ ಹೆದರಿಕೆ. ಶಾಲೆಯ ಮಾನ್ಯತೆಗೆ ತಪಾಸಣೆ ಬರುವುದಿತ್ತು. ಇಲ್ಲದ ಮಗುವಿಗೆ ಪೂರ್ಣ ಹಾಜರಿ ಎಂದರೆ ನನ್ನ ಕೆಲಸಕ್ಕೇ ಸಂಚಕಾರ. ಕೆಂಪು ಪೆನ್ನು ತೆಗೆದೆ. ಹುಡುಗಿ ಓಡಿ ಬಂದು ರಿಜಿಸ್ಟರಿನ ಮೇಲೆ ಕೈಯಿಟ್ಟಳು.

"ಮಿಸ್, ನನ್ನ ಹೆಸರು ಹೊಡೆದ್ಹಾಕಿ. ಅದನ್ನ ಬಿಡಿ. ಪ್ಲೀಸ್ ಮಿಸ್, ಅದನ್ನ ಬೇರೆ ಯಾರೂ ಕರೆಯಲ್ಲ."

ಅವಳ ಕೈ ಸರಿಸಿದೆ. ಗೆರೆ ಎಳೆದೆ. ಪ್ರಮಾಣಪತ್ರವನ್ನು ನಾಲ್ಕು ತುಂಡು ಮಾಡಿ ಕಸದ ಬುಟ್ಟಿಗೆ ಹಾಕಿದೆ. ನಾಳೆ ಯಾರೂ ಓ ಎನ್ನಕೂಡದು ಎಂದು ತಾಕೀತು ಮಾಡಿದೆ. ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸಲೀಸಾಗುತ್ತಿತ್ತು.

ಮರುದಿನ ಭಾನುವಾರ. ಹಿಂದಿನ ಪಾರ್ಕಿನಲ್ಲಿ ಶಾಮಿಯಾನ. ತಾಯಂದಿರು ಬೆಳಿಗ್ಗೆಯೇ ದೊಡ್ಡ ಪಾತ್ರೆಗಳಲ್ಲಿ ಬಿಸಿಬೇಳೆಬಾತ್ ಮಾಡಿ ತಂದಿದ್ದರು, ಎದುರು ಮನೆಯ ಸರ್ದಾರ್ಜಿ ಚಹಾ ಕಳಿಸಿದ್ದರು. ಹತ್ತೂವರೆಯಾದರೂ ಮಂಜು ಕರಗಿರಲಿಲ್ಲ. ವೇದಿಕೆಯಿಂದ ಮುಂದಿನ ಎರಡು ಸಾಲು ಮಾತ್ರ ಕಾಣುತ್ತಿತ್ತು. ಅದರಾಚೆ ಬರೀ ಬಿಳುಪು, ಬಿಳುಪಿನೊಳಗಿಂದ ಚಪ್ಪಾಳೆ. ಒಂದೊಂದು ಹೆಸರಿಗೂ ಒಂದೊಂದು ಮಗು ಆ ಬಿಳುಪಿನಿಂದ ಹೊರಬಂದು, ಬಹುಮಾನ ತೆಗೆದುಕೊಂಡು, ಮತ್ತೆ ಅದರೊಳಗೆ ಹೋಗುತ್ತಿತ್ತು. ಮೈಕಿನ ಮುಂದೆ ನಾನಿದ್ದೆ.

ಹದಿಮೂರನೇ ನಂಬರಿನವನು ಮಗ್ಗಿಯ ಬಹುಮಾನ ತೆಗೆದುಕೊಂಡು ಹೋದ. ಹದಿನೈದರ ಹೆಸರು ಓದಲು ಉಸಿರೆಳೆದುಕೊಂಡೆ.

"ಓ..."

ನಾನು ಯಾರನ್ನೂ ಕರೆದಿರಲಿಲ್ಲ.

ಅದು ಮಕ್ಕಳ ದನಿಯಾಗಿರಲಿಲ್ಲ. ಒಬ್ಬರ ದನಿಯೂ ಆಗಿರಲಿಲ್ಲ. ಆಚೆ ದಡದಿಂದ ಹತ್ತಾರು ಜನ ಒಟ್ಟಿಗೆ ಓಗೊಟ್ಟಂತಿತ್ತು. ಮೈಕಿನ ಕಿತಾಪತಿ ಎಂದು ಸೌಂಡಿನ ಭಯ್ಯಾ ಆಮೇಲೆ ಹೇಳಿದ. ಇದ್ದರೂ ಇರಬಹುದು. ಆದರೆ ಶಾಮಿಯಾನ ಪೂರ್ತಿ ಸ್ತಬ್ಧವಾದದ್ದು ನನಗೆ ತಿಳಿಯಿತು. ಎರಡನೇ ಸಾಲಿನಲ್ಲಿ ಕೂತಿದ್ದ ಆ ಹುಡುಗಿಯ ತುಟಿಗಳು ಬಿಗಿಯಾಗಿ ಮುಚ್ಚಿದ್ದವು. ಆಮೇಲೆ ಅವಳೂ ಹಿಂದೆ ತಿರುಗಿ ಮಂಜಿನೊಳಗೆ ನೋಡಿದಳು.

ಓಗೊಟ್ಟವರು ಕಾಯುತ್ತಿದ್ದಾರೆ ಎಂದೇ ಅನ್ನಿಸಿತು. ಪಟ್ಟಿಯಲ್ಲಿ ಇಲ್ಲದ ಆ ಹೆಸರನ್ನು ಮೈಕಿನಲ್ಲಿ ಕರೆದೆ. "ಪೂರ್ಣ ಹಾಜರಿ" ಎಂದೂ ಸೇರಿಸಿದೆ. ತಕ್ಷಣ ಮೂವತ್ತೂ ಮಕ್ಕಳು, ನನ್ನ ತಾಕೀತು ಗಾಳಿಗೆ ತೂರಿ, ಓ ಎಂದರು. ಹುಡುಗಿ ಎದ್ದು ವೇದಿಕೆಗೆ ಬಂದಳು. ಕೊಡಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ನಾಚಿಕೆಯಿಂದ ಅವಳ ಮುಖ ನೋಡಲಾರದೆ ಮುಂದೆ ನೋಡಿದೆ.

ಮಂಜಿನೊಳಗಿಂದ ಒಬ್ಬರು ಎದ್ದು ಬರುತ್ತಿದ್ದರು. ಮಫ್ಲರ್ ಸುತ್ತಿಕೊಂಡ ಸಣಕಲು ಮನುಷ್ಯ, ಅವಳ ತಂದೆ. ನಾನು ತರಗತಿಯಲ್ಲಿ ಆ ಹೆಸರು ಕರೆಯುತ್ತಿದ್ದದ್ದಾಗಲಿ, ಅದನ್ನು ಹೊಡೆದುಹಾಕಿದ್ದಾಗಲಿ ಅವರಿಗೆ ತಿಳಿದಿರಲಿಲ್ಲ. ಮಗಳು ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ವೇದಿಕೆಯ ಹತ್ತಿರ ಬಂದು, ಚಪ್ಪಲಿ ಬಿಟ್ಟು, ಒದ್ದೆ ಹುಲ್ಲಿನ ಮೇಲೆ ನಿಂತು ನನಗೆ ಕೈ ಮುಗಿದರು.

"ಮೇಡಂ," ಎಂದರು, "ಇನ್ನೊಂದ್ಸಲ ಕರೀರಿ."