ಮೊದಲ ಸುತ್ತಿನ ವೇಳೆ

ರೇಣುಕಾ, ಆ ದಿನ ಲಿಂಗಸುಗೂರಿನ ಓಟದಲ್ಲಿ ನಾನು ನಿನಗೆ ಸುಳ್ಳು ಹೇಳಿದೆ. ಗಡಿಯಾರ ನೋಡುವುದರಲ್ಲಿ ತಪ್ಪಾಗಿರಲಿಲ್ಲ. ಬೆವರು ಕಣ್ಣಿಗೆ ಇಳಿದಿರಲಿಲ್ಲ. ವೇಳೆ ನೋಡಿದೆ, ಎಷ್ಟೆಂದು ಸರಿಯಾಗಿ ತಿಳಿಯಿತು, ತಿಳಿದ ಮೇಲೆಯೇ ಬೇರೆ ಹೇಳಿದೆ. ಇಷ್ಟು ಬರೆಯಲು ನನಗೆ ಇಪ್ಪತ್ತೊಂದು ವರ್ಷ ಬೇಕಾಯಿತು.

ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಬರೆಯುತ್ತೇನೆ. ಎಲ್ಲಿಯಾದರೂ ಬಿಟ್ಟರೆ, ನನಗೆ ಅನುಕೂಲವಾದಲ್ಲೇ ಬಿಟ್ಟೇನು. ನನ್ನನ್ನು ನಾನು ಅಷ್ಟು ಬಲ್ಲೆ.

ಸಿಂಧನೂರಿನ ಕಾಲೇಜಿನಲ್ಲಿ ನಾವಿಬ್ಬರೂ ಬಿ.ಎ. ಎರಡನೆಯ ವರ್ಷ. ನಿನ್ನಪ್ಪ ಹಟ್ಟಿಯ ಗಣಿಯಲ್ಲಿ ಕೆಳಗಿಳಿದು ದುಡಿಯುತ್ತಿದ್ದರು. ನೀನು ಗೊರೇಬಾಳದಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದೆ. ನನ್ನಪ್ಪನದು ಸಿಂಧನೂರು ಬಜಾರಿನಲ್ಲಿ ಬಟ್ಟೆ ಅಂಗಡಿ. ಬೆಳಿಗ್ಗೆ ನಾನು ಸೈಕಲ್ ತುಳಿದು ಗೊರೇಬಾಳಕ್ಕೆ ಬರುತ್ತಿದ್ದೆ. ಕಾಲುವೆಯ ಏರಿಯ ಮೇಲೆ ನೀರಿನ ಗೇಟಿನಿಂದ ಗೇಟಿಗೆ ನಮ್ಮ ಓಟ. ಗದ್ದೆಯಲ್ಲಿ ಸಸಿ ಹಚ್ಚುವ ಹೆಂಗಸರು ಬಗ್ಗಿದ ಸೊಂಟ ಎತ್ತಿ, "ಯಾರು ಬೆನ್ನ ಹತ್ಯಾರವ್ವಾ ನಿಮಗ?" ಎಂದು ನಗುತ್ತಿದ್ದರು. ನೀನು ಓಡುತ್ತಲೇ, "ಈಕಿನ ಹತ್ಯಾಳ ನೋಡ್ರೀ" ಎಂದು ನನ್ನನ್ನು ತೋರಿಸುತ್ತಿದ್ದೆ. ಆಗ ಅದು ತಮಾಷೆ.

ಸೆಕೆಂಡು ತೋರಿಸುವ ಗಡಿಯಾರ ಇದ್ದದ್ದು ನನ್ನ ಕೈಯಲ್ಲಿ ಮಾತ್ರ. ನಿನಗೂ ಒಂದು ತರಿಸೋಣ ಎಂದರೆ ನೀನು ಒಪ್ಪಲಿಲ್ಲ. "ಓಡುವಾಗ ನನಗ ಅದೆಲ್ಲಾ ತಲಿಗೆ ಹತ್ತಂಗಿಲ್ಲ, ಗಿರ್ಜಿ. ನೀ ಹೇಳು, ನಾ ಓಡ್ತೀನಿ." ನಿನ್ನ ಕಾಲಿಗೆ ಬಲವಿತ್ತು, ಸ್ವಭಾವಕ್ಕೆ ತಡೆಯಿರಲಿಲ್ಲ. ಯಾರಾದರೂ ಮುಂದೆ ಹೋದರೆ ಸಾಕು, ಅವರ ಹಿಂದೆ ಬಿದ್ದು ಅರ್ಧ ದಾರಿಯಲ್ಲೇ ಉಸಿರು ಕಳೆದುಕೊಳ್ಳುತ್ತಿದ್ದೆ. ನನ್ನದು ಹೊಲಿಗೆ ಮಷಿನ್ನಿನ ಓಟ — ಒಂದೇ ಸಮ, ಕೊನೆಗೆ ಏಳುವ ಬಲವಿಲ್ಲ. ಅದಕ್ಕೇ ಆಟ ಕಲಿಸುವ ನಮ್ಮ ಪಿ.ಡಿ. ಸರ್ ನಮ್ಮಿಬ್ಬರನ್ನು ಜೋಡಿ ಮಾಡಿದರು. ಪ್ರತಿ ಗೇಟಿಗೆ ನಾನು ವೇಳೆ ಕೂಗಬೇಕು, "ಹಿಡಿ" ಎಂದರೆ ನೀನು ತಡೆದು ಓಡಬೇಕು, "ಬಿಡು" ಎಂದ ಮೇಲೆಯೇ ಬಿಡಬೇಕು. ನಾಲ್ಕು ತಿಂಗಳು ಹಾಗೆ ಓಡಿದೆವು. ಆ ನಾಲ್ಕು ತಿಂಗಳಲ್ಲಿ ಒಮ್ಮೆಯೂ ನೀನು ನನ್ನ ಕೈ ಎಳೆದು ಗಡಿಯಾರ ನೋಡಲಿಲ್ಲ.

ವಿಶ್ವವಿದ್ಯಾಲಯದ ಕ್ರಾಸ್ ಕಂಟ್ರಿ ಓಟ ಆ ವರ್ಷ ಲಿಂಗಸುಗೂರಿನ ಹೊರಗಿನ ದಿಬ್ಬದ ಬಯಲಿನಲ್ಲಿ. ಎರಡು ಕಿಲೋಮೀಟರಿನ ಮೂರು ಸುತ್ತು. ಮೊದಲ ಆರು ಜನರಿಗೆ ವಿಶ್ವವಿದ್ಯಾಲಯದ ತಂಡದಲ್ಲಿ ಜಾಗ. ಆ ಜಾಗ ನಿನಗೆ ಏನಾಗಿತ್ತೆಂದು ನನಗೆ ಗೊತ್ತಿತ್ತು — ಗೊತ್ತಿರಲಿಲ್ಲ ಎಂದು ಮಾತ್ರ ಹೇಳಲಾರೆ. ಗೇಟಿನ ಹತ್ತಿರ ಕಾಲು ತೊಳೆಯುತ್ತಾ ನೀನೇ ಹೇಳಿದ್ದೆ: "ತಂಡದಾಗ ಬಂದ್ರ ಓದು ಮುಗಸು, ಪೊಲೀಸ್ ನೌಕರಿಗೆ ಸರ್ಟಿಫಿಕೇಟ್ ನಡೀತದ ಅಂದಾನ ಅಪ್ಪ. ಬರಲಿಲ್ಲಂದ್ರ ಹಟ್ಟಿಗೆ ಬಂದುಬಿಡು ಅಂದಾನ." ಹೇಳಿ ನಕ್ಕೆ. ನೀನು ತಂಡಕ್ಕೆ ಬಂದೇ ಬರುತ್ತೀ ಎಂದು ನಿನಗೂ ಗೊತ್ತಿತ್ತು, ನನಗೂ.

ಹಾಗಾದರೆ ಯಾಕೆ — ಇದನ್ನು ನಾನು ಎಷ್ಟು ಸಲ ಕೇಳಿಕೊಂಡಿದ್ದೇನೋ. ಉತ್ತರ ಎಷ್ಟು ಸಣ್ಣದೆಂದರೆ, ಬರೆಯಲು ನಾಚಿಕೆಯಾಗುತ್ತದೆ. ಓಟದ ಹಿಂದಿನ ದಿನ ಸರ್ ನನ್ನನ್ನು ಕರೆದು, "ಗಿರಿಜಾ, ನಾಳೆ ರೇಣುಕಾನ್ನ ಗೆಲ್ಲಿಸೂದು ನಿನ್ನ ಜಿಮ್ಮೇದಾರಿ ನೋಡವಾ" ಎಂದರು. ಅಷ್ಟೇ. ಹೊಸ ಬೂಟು ನನ್ನದು, ಗಡಿಯಾರ ನನ್ನದು, ದಿನಾ ಸೈಕಲ್ ತುಳಿದವಳು ನಾನು — ಗೆಲ್ಲುವವಳು ನೀನು. ಹೌದು, ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಚಂದದ ಹೆಸರು ಹುಡುಕುವುದಿಲ್ಲ.

ಎದುರಾಳಿ ಲಿಂಗಸುಗೂರಿನ ನೀಲಮ್ಮ, ಹಿಂದಿನ ವರ್ಷ ಗೆದ್ದವಳು. ಆ ದಿಬ್ಬ ಅವಳಿಗೆ ಮನೆಯಂಗಳ. ಮೊದಲ ಸುತ್ತಿನಲ್ಲೇ ಜೋರಾಗಿ ಹೋಗಿ, ಬೆನ್ನು ಹತ್ತಿದವರನ್ನೆಲ್ಲ ಏರಿನಲ್ಲಿ ಸುಸ್ತು ಮಾಡಿ ಬಿಡುವುದು ಅವಳ ಆಟ. ಸರ್ ನಮಗೆ ಹತ್ತು ಸಲ ಹೇಳಿದ್ದರು: ಅವಳನ್ನು ಹೋಗಗೊಡಿ. ಸುತ್ತಿಗೆ ಎಂಟು ನಿಮಿಷ ಹತ್ತು ಸೆಕೆಂಡಿನಂತೆ ಓಡಿ. ಮೂರನೆಯ ಸುತ್ತಿನಲ್ಲಿ ಅವಳೇ ಕೈಗೆ ಸಿಗುತ್ತಾಳೆ.

ಮೊದಲ ಸುತ್ತು ಮುಗಿಯುವಾಗ ನೀಲಮ್ಮ ನೂರು ಹೆಜ್ಜೆ ಮುಂದಿದ್ದಳು. ನೀನು ಸರ್ ಹೇಳಿದಂತೆ ತಡೆದು, ನನ್ನ ಭುಜಕ್ಕೆ ಭುಜ ಕೊಟ್ಟು ಓಡುತ್ತಿದ್ದೆ. ಉಸಿರು ಎಷ್ಟು ಹಗುರವಾಗಿತ್ತು! ಅದು ಕಿವಿಗೆ ಬಿದ್ದಾಗಲೇ ನನ್ನೊಳಗೆ ಏನೋ ಕೆಟ್ಟಿತು. ಸುಣ್ಣದ ಗೆರೆ ದಾಟಿದೆವು. ಗಡಿಯಾರ ನೋಡಿದೆ. "ಎಷ್ಟಬೇ?" ಎಂದೆ ನೀನು.

"ಎಂಟೂವರಿ! ಇಪ್ಪತ್ತು ಸೆಕೆಂಡ್ ಹಿಂದ ಅದೀವಿ. ಆಕಿ ಕೈ ಬಿಟ್ಟು ಹೋಗ್ಯಾಳ, ರೇಣುಕಾ — ಬಿಡು, ಬಿಡು ಈಗ!"

ನೀನು ತಿರುಗಿ ಕೂಡ ನೋಡಲಿಲ್ಲ. ಬಿಟ್ಟೆ.

ಏರಿನ ಅರ್ಧದಲ್ಲೇ ನೀನು ನೀಲಮ್ಮನನ್ನು ಮುಟ್ಟಿದ್ದೆ. ಅವಳು ಕಾದಿದ್ದವಳಂತೆ ಮತ್ತೆ ಎಳೆದಳು, ನೀನು ಮತ್ತೆ ಹೋದೆ. ನಾನು ಹಿಂದೆ ನನ್ನ ಮಷಿನ್ನಿನ ಓಟ ಓಡುತ್ತಾ ನೋಡುತ್ತಿದ್ದೆ. ಮೂರನೆಯ ಸುತ್ತಿನ ಏರಿಗೆ ಬರುವಾಗ ನೀನು ಪಕ್ಕೆ ಒತ್ತಿ ಹಿಡಿದು ಬಗ್ಗಿ ನಿಂತಿದ್ದೆ. ನಾನು ಹತ್ತಿರ ಬಂದಾಗ ನೀನು ಕೈ ಮುಂದಕ್ಕೆ ಬೀಸಿ, "ನಡಿ ನೀ… ನಡಿ, ಆಕಿನ್ನ ಹಿಡಿ" ಎಂದೆ. ನಾನು ಹೋದೆ. ಆ ಕೈ — ಅದನ್ನು ಮಾತ್ರ ನಾನು ಇವತ್ತಿಗೂ…

ನಾನೇನು ಗೆದ್ದೆನೇ? ಕೊನೆಯಲ್ಲಿ ನೀಲಮ್ಮ ತೂರಾಡುತ್ತಿದ್ದಳು, ಸರ್ ಹೇಳಿದ ಹಾಗೆಯೇ ಕೈಗೆ ಸಿಗುವಂತಿದ್ದಳು. ಹಿಡಿಯುವ ಬಲ ನಿನಗಿತ್ತು, ನನಗಲ್ಲ. ನಾನು ಎರಡನೆಯವಳು. ನೀನು ನಡೆಯುತ್ತಾ, ಓಡುತ್ತಾ, ಒಂಬತ್ತನೆಯವಳಾಗಿ ಬಂದೆ. ನೀನು ನನ್ನ ಹಿಂದೆ ಮೂರನೆಯವಳಾಗಿ ಬರಲಿ ಎಂದಷ್ಟೇ ಬಯಸಿದ್ದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ನಿಜವೇ ಇರಬಹುದು. ನಿಜವಾದರೂ ಅದರಿಂದ ನಿನಗೇನಾಯಿತು?

ಇದಕ್ಕಿಂತ ಹೇಸಿಗೆಯದು ಆಮೇಲಿನದು. ಸರ್ ಎಲ್ಲರ ಮುಂದೆ ನಿನ್ನನ್ನು ಬೈದರು. "ಆಕಿ ಬೆನ್ನ ಹತ್ತಬ್ಯಾಡ ಅಂತ ಎಷ್ಟ ಸಲ ಹೇಳಿದ್ದೆ? ತಲಿ ಐತೋ ಇಲ್ಲೋ ನಿನಗ?" ನೀನು ನನ್ನ ಕಡೆ ಒಮ್ಮೆ ನೋಡಿ, ತಲೆ ತಗ್ಗಿಸಿದೆ. ನಾನು ಬೆನ್ನ ಹಿಂದೆ ಕೈ ಇಟ್ಟುಕೊಂಡು ಗಡಿಯಾರದ ಗುಂಡಿ ಒತ್ತಿ ಸೊನ್ನೆ ಮಾಡಿದೆ. ಯಾರೂ ಕೇಳಿರಲಿಲ್ಲ; ಆದರೂ ಮಾಡಿದೆ.

ತಿರುಗಿ ಬರುವಾಗ ಕ್ರೂಸರ್ ಜೀಪಿನ ಹಿಂದಿನ ಸೀಟಿನಲ್ಲಿ ನಾವಿಬ್ಬರೇ. ಮಸ್ಕಿ ದಾಟಿದ ಮೇಲೆ ನೀನು ಮೆಲ್ಲಗೆ ಅಂದೆ: "ಗಡಿಯಾರ ನೋಡೂದ್ರಾಗ ಹೆಚ್ಚು ಕಡಿಮಿ ಆಗಿರ್ತದ, ಗಿರ್ಜಿ. ಇರ್ಲಿ ಬಿಡು. ಸರ್ ಮುಂದ ನಾ ನಿನ್ನ ಹೆಸರು ತಗೀಲಿಲ್ಲ." ನನ್ನನ್ನು ಕಾಪಾಡಲು ನೀನು ಬೈಸಿಕೊಂಡಿದ್ದೆ! ಆಗಲಾದರೂ ಬಾಯಿ ಬಿಡಬಹುದಿತ್ತು. ನಾನು ಅಂದದ್ದು, "ಕಣ್ಣಾಗ ಬೆವರು ಇಳಿದಿತ್ತು ನೋಡು." ನೀನು ಸೆರಗಿನಂತೆ ಹೊದ್ದಿದ್ದ ದುಪಟ್ಟಾದ ತುದಿಯಿಂದ ನನ್ನ ಹಣೆ ಒರೆಸಿದೆ.

ಪರೀಕ್ಷೆ ಮುಗಿಸಿ ನೀನು ಹಟ್ಟಿಗೆ ಹೋದೆ. ಮೂರನೆಯ ವರ್ಷಕ್ಕೆ ಬರಲಿಲ್ಲ. ನಾನು ತಂಡದಲ್ಲಿ ಓಡಿದೆ, ಆ ಸರ್ಟಿಫಿಕೇಟಿನಿಂದ ದೈಹಿಕ ಶಿಕ್ಷಣದ ಸೀಟು ಸಿಕ್ಕಿತು, ಸೀಟಿನಿಂದ ಕೆಲಸ. ಈಗ ಹುಡುಗಿಯರು ನನ್ನನ್ನು ಪಿ.ಡಿ. ಮೇಡಂ ಎನ್ನುತ್ತಾರೆ. ಓಡುವಾಗ ದುಡುಕಬಾರದು, ಜೊತೆಯವರನ್ನು ನಂಬಬೇಕು ಎಂದು ಅವರಿಗೆ ಹೇಳುವವಳು ನಾನೇ.

ನೀನು ಮದುವೆಯಾಗಿ ಮಸ್ಕಿಗೆ ಬಂದದ್ದು, ಬಸ್ ಸ್ಟ್ಯಾಂಡಿನ ಹತ್ತಿರ ಟೇಲರಿಂಗ್ ಅಂಗಡಿ ಇಟ್ಟದ್ದು ಗೊತ್ತಾಗಿ, ನಾನು ಒಮ್ಮೆ ಹೇಳಲೆಂದೇ ಬಂದಿದ್ದೆ. ನೀನು ಚಹಾ ತರಿಸಿದೆ, ನನ್ನ ಅಳತೆ ತೆಗೆದುಕೊಂಡೆ. ನಾನು ಜಂಪರ್ ಹೊಲಿಸಿಕೊಂಡು ಹಿಂದಿರುಗಿದೆ. ನೀನು ಚೆನ್ನಾಗಿಯೇ ಇದ್ದೀಯಲ್ಲ, ಹಳೆಯದನ್ನು ಕೆದಕಿ ನಿನ್ನ ಮನಸ್ಸು ಯಾಕೆ ಕೆಡಿಸಲಿ ಎಂದುಕೊಂಡೆ. ನನ್ನ ಹೇಡಿತನವನ್ನೂ ನಿನ್ನ ಮೇಲಿನ ಕರುಣೆ ಎಂದು ಕರೆದುಕೊಂಡವಳು ನಾನು.

ಈ ವರ್ಷ ನೀನು ನಿನ್ನ ಮಗಳನ್ನು ನನ್ನ ಕಾಲೇಜಿಗೆ ಸೇರಿಸಿದೆ. ಪೂಜಾ ಓಡುವುದನ್ನು ಮೊದಲ ದಿನ ನೋಡಿದಾಗ ನಿನ್ನನ್ನೇ ಕಂಡಂತಾಯಿತು. ಭುಜ ಎತ್ತುವ ರೀತಿಯೂ ನಿನ್ನದೇ. ಅವಳ ವಾರಗೆಯವರೆಲ್ಲರ ಕೈಯಲ್ಲೂ ಗಡಿಯಾರವಿದೆ, ಇವಳ ಕೈ ಬರಿದು. ಯಾಕೆಂದು ಕೇಳಿದೆ. "ಅವ್ವ ಹೇಳ್ಯಾಳ್ರೀ ಮೇಡಂ. ಗಡಿಯಾರ ನೋಡಿಕೋತ ಓಡಬ್ಯಾಡ, ಮೇಡಂ ಹೇಳಿದ್ದು ಕೇಳಿ ಓಡು, ಆಕಿ ಮಾತು ಗಡಿಯಾರಕ್ಕಿಂತ ಖರೆ ಅಂತ."

ಅವತ್ತು ಅವಳು ಸುತ್ತು ಮುಗಿಸಿ ಬಂದಾಗ ನಾನು ಗಡಿಯಾರ ನೋಡಿದೆ, ವೇಳೆ ಕೂಗಲಿಲ್ಲ. ಹುಡುಗಿ ನಾಲ್ಕು ಹೆಜ್ಜೆ ಹೋಗಿ ನಿಂತು, "ಟೈಮ್ ಹೇಳಲಿಲ್ರೀ ಮೇಡಂ" ಎಂದಳು.

ಬರುವ ಭಾನುವಾರ ಓಟ. ಮತ್ತೆ ಲಿಂಗಸುಗೂರು, ಅದೇ ದಿಬ್ಬ. ಶನಿವಾರ ಮಧ್ಯಾಹ್ನ ನಾನು ಮಸ್ಕಿಗೆ ಬರುತ್ತೇನೆ. ಈ ಕಾಗದವನ್ನು ನಿನ್ನ ಕೈಗೆ ಕೊಟ್ಟು ಓಡಿಹೋಗುವುದಿಲ್ಲ, ನಿಂತು ಓದುತ್ತೇನೆ. ಪೂಜಾಳನ್ನೂ ಕೂರಿಸಿಕೋ, ಅವಳೂ ಕೇಳಲಿ. ಆಮೇಲೆ ಅವಳು ನನ್ನ ಮಾತಿನ ಮೇಲೆ ಓಡಬಾರದು ಎನಿಸಿದರೆ ಹೇಳು, ಬೇರೆಯವರು ಅವಳಿಗೆ ವೇಳೆ ಕೂಗುತ್ತಾರೆ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀ, ಮತ್ತೆ ನನ್ನ ಹಣೆ ಒರೆಸುತ್ತೀ.

ಆದರೆ ನೀನು ಕೇಳಿದ್ದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ. ಎಷ್ಟು ಎಂದು ಕೇಳಿದ್ದೆ. ಎಂಟು ನಿಮಿಷ ಒಂದು ಸೆಕೆಂಡು, ರೇಣುಕಾ. ಒಂಬತ್ತು ಸೆಕೆಂಡು ಮುಂದಿದ್ದೆವು. ನೀನು ಸರಿಯಾಗಿಯೇ ಓಡುತ್ತಿದ್ದೆ.